ಶಾಲೆಯ ಪಡಸಾಲೆಗೆ ಬಂದ ಟೀವಿ

ಕರ್ನಾಟಕಕ್ಕೆ ಟೆಲಿವಿಷನ್ ಮೊದಲು ಬಂದದ್ದು ಬೆಂಗಳೂರಿಗಲ್ಲ, ಮೈಸೂರಿಗೂ ಅಲ್ಲ. 1975ರ ಆಗಸ್ಟ್ 1ರಂದು ಅದು ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ, ಸರ್ಕಾರಿ ಶಾಲೆಯ ಪಡಸಾಲೆಯಲ್ಲೋ ಪಂಚಾಯ್ತಿ ಕಟ್ಟಡದ ಜಗಲಿಯ ಮೇಲೋ ಕಣ್ಣು ಬಿಟ್ಟಿತು. ಎಷ್ಟೋ ಮನೆಗಳಲ್ಲಿ ಇನ್ನೂ ಚಿಮಣಿ ದೀಪವೇ ಉರಿಯುತ್ತಿದ್ದ ಊರುಗಳವು. ಉಪಗ್ರಹದ ಮೂಲಕ ಟೀವಿ ತೋರಿಸುವ ಈ ಪ್ರಯೋಗ ನಡೆಸಿದ ಇಸ್ರೋದ ಮುಖ್ಯ ಕಚೇರಿ ಅಷ್ಟು ಹೊತ್ತಿಗಾಗಲೇ ಬೆಂಗಳೂರಿನಲ್ಲಿತ್ತು. ಬೆಂಗಳೂರಿನ ಮನೆಗಳಿಗೆ ಮಾತ್ರ ಟೀವಿ ತಲುಪಲು ಇನ್ನೂ ಆರು ವರ್ಷ ಹಿಡಿಯಿತು. ಹೊಸ ವಸ್ತು ಯಾವುದೇ ಇರಲಿ, ಮೊದಲು ರಾಜಧಾನಿ, ಆಮೇಲೆ ಜಿಲ್ಲಾ ಕೇಂದ್ರ, ಕಡೆಗೆ ಹಳ್ಳಿ ಎನ್ನುವುದು ವಾಡಿಕೆ. ಇಲ್ಲಿ ಅದು ತಲೆಕೆಳಗಾಯಿತು, ಅದೂ ಬೇಕೆಂದೇ.

ದೇಶದಲ್ಲಿ ಟೀವಿ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ, ಆಕಾಶವಾಣಿಯ ಅಂಗವಾಗಿ. ಆಗಲೂ ಅದು ಮನೆಯ ವಸ್ತುವಾಗಿರಲಿಲ್ಲ. ಹತ್ತಾರು ಜನ ಒಟ್ಟಿಗೆ ಕೂತು ನೋಡಿ, ನೋಡಿದ್ದನ್ನು ಚರ್ಚಿಸುವ ಟೆಲಿಕ್ಲಬ್ಬುಗಳಿದ್ದವು. 1961ರಲ್ಲಿ ದೆಹಲಿಯ ಶಾಲೆಗಳಿಗೆ ಪಾಠಗಳ ಪ್ರಸಾರ ಆರಂಭವಾಯಿತು. 1967ರ ಜನವರಿ 26ರಂದು ದೆಹಲಿಯ ಸುತ್ತಲಿನ 80 ಹಳ್ಳಿಗಳ ರೈತರಿಗಾಗಿ ‘ಕೃಷಿ ದರ್ಶನ’ ಬಂತು. ಮುಂಬಯಿಗೆ ಟೀವಿ ಬಂದದ್ದು 1972ರಲ್ಲಿ. ಈ ವೇಗದಲ್ಲಿ, ಒಂದೊಂದೇ ಗೋಪುರ ಕಟ್ಟುತ್ತ ಹೋದರೆ ಹಳ್ಳಿಗಳ ಸರದಿ ಎಂದು ಬಂದೀತು ಎಂಬುದು ಇಸ್ರೋ ಕಟ್ಟಿದ ವಿಜ್ಞಾನಿ ವಿಕ್ರಂ ಸಾರಾಭಾಯಿ ಅವರ ಪ್ರಶ್ನೆಯಾಗಿತ್ತು. ಉಪಗ್ರಹಕ್ಕೆ ದೆಹಲಿಯೂ ಒಂದೇ, ದೇವದುರ್ಗವೂ ಒಂದೇ. ಹಾಗಿದ್ದ ಮೇಲೆ ರಸ್ತೆ, ಶಾಲೆ, ಆಸ್ಪತ್ರೆ ಎಲ್ಲದರಲ್ಲೂ ಹಿಂದೆ ಬಿದ್ದ ಜಿಲ್ಲೆಗಳಿಂದಲೇ ಏಕೆ ಆರಂಭಿಸಬಾರದು ಎಂಬುದು ಅವರ ವಾದದ ತಿರುಳು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. ಅದರ ಫಲವನ್ನು ನೋಡಲು ಸಾರಾಭಾಯಿ ಉಳಿಯಲಿಲ್ಲ. 1971ರ ಡಿಸೆಂಬರಿನಲ್ಲಿ ತೀರಿಕೊಂಡರು.

ನಾಸಾದ ಎಟಿಎಸ್-6 ಉಪಗ್ರಹ 1974ರ ಮೇ 30ರಂದು ಹಾರಿತು. ಒಂದು ವರ್ಷ ಅಮೆರಿಕದ ಕೆಲಸ ಮಾಡಿದ ಮೇಲೆ ಅದನ್ನು ಪೂರ್ವ ಆಫ್ರಿಕಾದ ನೆತ್ತಿಯ ಮೇಲಕ್ಕೆ ಸರಿಸಿ, ಒಂದೇ ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಎರವಲು ಕೊಡಲಾಯಿತು. ಈ ಯೋಜನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ‘ಸೈಟ್’ ಎಂದಾಯಿತು. ಕರ್ನಾಟಕ, ಆಂಧ್ರಪ್ರದೇಶ, ಒರಿಸ್ಸಾ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ ಈ ಆರು ರಾಜ್ಯಗಳ 20 ಜಿಲ್ಲೆಗಳಿಂದ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಆಕಾಶದಲ್ಲಿದ್ದದ್ದು ಆ ಕಾಲದ ಅತ್ಯಾಧುನಿಕ ಯಂತ್ರ. ಒಂಬತ್ತು ಮೀಟರ್ ಅಗಲದ ಅದರ ಆಂಟೆನಾ ಛತ್ರಿಯಂತೆ ಬಿಚ್ಚಿಕೊಳ್ಳುತ್ತಿತ್ತು. ನೆಲದ ಮೇಲಿದ್ದದ್ದು ಮೂರು ಮೀಟರ್ ಅಗಲದ ಒಂದು ಬೋಗುಣಿ, ಅದಕ್ಕೆ ಹೊದಿಸಿದ್ದು ಕೋಳಿಗೂಡಿಗೆ ಹಾಕುವ ತಂತಿ ಜಾಲರಿ. ಗಾಳಿ ಜಾಲರಿಯ ಕಣ್ಣುಗಳಲ್ಲಿ ತೂರಿ ಹೋಗುವುದರಿಂದ ಬಿರುಗಾಳಿಗೂ ಅದು ಅಲುಗದೆ ನಿಲ್ಲುತ್ತಿತ್ತು, ಅಗ್ಗವೂ ಆಗಿತ್ತು. ಕಪ್ಪು-ಬಿಳುಪಿನ ಟೀವಿ ಪೆಟ್ಟಿಗೆಗಳು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ನಿನಲ್ಲಿ ತಯಾರಾದವು. ಉಪಗ್ರಹ ಸಂಪರ್ಕದ ಕಲ್ಪನೆಯನ್ನು 1945ರಲ್ಲೇ ಬರೆದಿಟ್ಟಿದ್ದ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಅವರ ಕೊಲಂಬೊ ಮನೆಗೂ ಭಾರತದ ಎಂಜಿನಿಯರುಗಳು ಹೋಗಿ ಒಂದು ಆಂಟೆನಾ ಕೂರಿಸಿ ಬಂದರು. ಶ್ರೀಲಂಕಾದಲ್ಲಿ ಆಗ ಟೀವಿಯೇ ಇರಲಿಲ್ಲ.

ದಿನಕ್ಕೆ ಪ್ರಸಾರ ಒಟ್ಟು ನಾಲ್ಕು ಗಂಟೆ. ಬೆಳಿಗ್ಗೆಯ ಒಂದೂವರೆ ಗಂಟೆ ಶಾಲೆ ಮಕ್ಕಳದು. ಹಿಂದಿ, ಒಡಿಯಾ, ತೆಲುಗು, ಕನ್ನಡ ನಾಲ್ಕು ಭಾಷೆಗೂ ಹಂಚಿದರೆ ಒಂದೊಂದಕ್ಕೆ ಇಪ್ಪತ್ತೆರಡೂವರೆ ನಿಮಿಷ. ಸಂಜೆಯ ಹೊತ್ತು ದೊಡ್ಡವರದು: ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಜನಪದ ಹಾಡು-ಕುಣಿತ, ಮತ್ತು ಎಲ್ಲ ರಾಜ್ಯಗಳಿಗೂ ಸೇರಿ ಹಿಂದಿ ಸುದ್ದಿ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ, ತೆಲುಗಿನವುಗಳ ಜೊತೆಯಲ್ಲೇ. ಉಪಗ್ರಹಕ್ಕೆ ಒಂದು ಚಿತ್ರದ ಜೊತೆ ಎರಡು ಧ್ವನಿಗಳನ್ನು ಕಳಿಸುವ ಸಾಮರ್ಥ್ಯವಿತ್ತು. ಒಂದೇ ಚಿತ್ರಕ್ಕೆ ಒಂದು ಕಡೆ ತೆಲುಗು, ಇನ್ನೊಂದು ಕಡೆ ಕನ್ನಡ ಕೇಳಿಸಬಹುದಿತ್ತು. ಮೊದಲು ಹೈದರಾಬಾದ್ ಸಂಸ್ಥಾನಕ್ಕೆ, ಬಳಿಕ 1956ರವರೆಗೆ ಅದೇ ಹೆಸರಿನ ರಾಜ್ಯಕ್ಕೆ ಸೇರಿದ್ದ ಗುಲ್ಬರ್ಗ, ರಾಯಚೂರುಗಳಿಗೆ ಸುಮಾರು ಇಪ್ಪತ್ತು ವರ್ಷಗಳ ಮೇಲೆ ಮತ್ತೆ ಹೈದರಾಬಾದಿನಿಂದ ಮಾತು ಬರತೊಡಗಿದ್ದು ಚರಿತ್ರೆಯ ಒಂದು ಸಣ್ಣ ವಿನೋದ.

ಪೆಟ್ಟಿಗೆಯ ಉಸ್ತುವಾರಿ ಸಾಮಾನ್ಯವಾಗಿ ಶಾಲೆಯ ಮಾಸ್ತರರ ಹೆಗಲಿಗೆ ಬಿತ್ತು. ಹೊತ್ತಿಗೆ ಸರಿಯಾಗಿ ಹಚ್ಚುವುದು, ಆರಿಸುವುದು, ಕೆಟ್ಟರೆ ಸುದ್ದಿ ಮುಟ್ಟಿಸುವುದು ಎಲ್ಲ ಅವರದೇ. ಕಾಗದ ಹೋದ ಮೇಲೆ ರಿಪೇರಿಯವರು ಜೀಪಿನಲ್ಲಿ ಬರುತ್ತಿದ್ದರು. ಅಷ್ಟೇ ಆಗಿದ್ದರೆ ಮಾಸ್ತರರಿಗೆ ಅದು ಜನಗಣತಿ, ಚುನಾವಣೆಗಳ ಸಾಲಿನ ಇನ್ನೊಂದು ಡ್ಯೂಟಿ ಎನ್ನಬಹುದಿತ್ತು. ಆದರೆ ಅವರು ವಿದ್ಯಾರ್ಥಿಗಳೂ ಆದರು. 1975ರ ಅಕ್ಟೋಬರಿನಲ್ಲಿ ಮತ್ತು ಮರುವರ್ಷದ ಬೇಸಿಗೆಯಲ್ಲಿ, ಎರಡು ಕಂತಿನಲ್ಲಿ, ಆರೂ ರಾಜ್ಯಗಳ ಸುಮಾರು 48,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನು ಟೀವಿ, ರೇಡಿಯೊ ಮತ್ತು ಮುದ್ರಿತ ಕೈಪಿಡಿಗಳ ಮೂಲಕ ಕೊಡಲಾಯಿತು. ಟೀವಿಯಲ್ಲಿ ತೋರಿಸಿದ್ದನ್ನು ಕೈಗೆ ಸಿಗುವ ಡಬ್ಬಿ, ದಾರ, ನೀರು ಇಟ್ಟುಕೊಂಡು ಅಲ್ಲೇ ಮಾಡಿ ನೋಡಬೇಕು. ಇಡೀ ‘ಸೈಟ್’ ಪ್ರಯೋಗದಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಭಾಗ ಯಾವುದೆಂದು ಕೇಳಿದರೆ ಇದನ್ನೇ ಹೇಳಬೇಕು.

ಸಂಜೆಯ ಟೀವಿಯ ಮುಂದೆ ಸೇರುತ್ತಿದ್ದ ಸಭೆಗೆ ಬೇರೆಯೇ ಸ್ವಭಾವವಿತ್ತು. ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ, ಶ್ರಾವಣದ ಪುರಾಣ ಇವೆಲ್ಲವನ್ನೂ ಊರೆಲ್ಲ ಒಂದೆಡೆ ಕೂತು ನೋಡುವ, ಕೇಳುವ ರೂಢಿ ಈ ಸೀಮೆಯದು. ಟೀವಿಗೂ ಜನ ಹಾಗೆಯೇ ಬಂದು ನೆಲದ ಮೇಲೆ ಕೂತರು: ಮುಂದೆ ಮಕ್ಕಳು, ಒಂದು ಬದಿಗೆ ಹೆಂಗಸರು, ಹಿಂದೆ ಗೋಡೆಗೆ ಒರಗಿದ ಗಂಡಸರು. ಆದರೆ ಆಟಕ್ಕೂ ಪುರಾಣಕ್ಕೂ ಊರಿನ ದೈವ ಕರೆಸಬೇಕು, ಗೌಡರು ಒಪ್ಪಬೇಕು. ಗುಡಿಯ ಕಟ್ಟೆ ಎಂದ ಮೇಲೆ ಯಾರು ಹತ್ತಬೇಕು, ಯಾರು ಕೆಳಗೆ ನಿಲ್ಲಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಸರ್ಕಾರಿ ಶಾಲೆಗೆ ಆ ಮಾತು ಕಾಗದದ ಮೇಲಂತೂ ಅನ್ವಯಿಸದು. ಎಲ್ಲರೂ ಬರಬಹುದಾದ ಸಾರ್ವಜನಿಕ ಸ್ಥಳದಲ್ಲೇ ಪೆಟ್ಟಿಗೆ ಇರತಕ್ಕದ್ದೆಂದು ಯೋಜನೆಯ ನಿಯಮವಿತ್ತು. ಆ ಪರದೆಯ ಮೇಲೆ ಏನು ಮೂಡಿತು ಎಂಬುದಕ್ಕಿಂತ ಅದರ ಎದುರು ಯಾರು ಯಾರ ಪಕ್ಕ ಕೂತರು ಎಂಬುದು ಸಮಾಜದ ಚರಿತ್ರೆಗೆ ದೊಡ್ಡ ಸಂಗತಿ. ಕೂತದ್ದು ಪಕ್ಕದಲ್ಲೋ, ಮೊಳ ದೂರದಲ್ಲೋ ಎಂಬುದು ಊರಿಂದೂರಿಗೆ ಬೇರೆಯಾಗುತ್ತಿತ್ತು.

ಪ್ರಯೋಗದ ಜೊತೆಗೇ ಅದರ ಪರೀಕ್ಷೆಯೂ ನಡೆಯಿತು. ಸಮಾಜಶಾಸ್ತ್ರಜ್ಞರು ಪ್ರಶ್ನಾವಳಿ ಹಿಡಿದು ತಿರುಗಿದರು, ಮಾನವಶಾಸ್ತ್ರಜ್ಞರು ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡಿದರು. ಮೊದಮೊದಲು ಪೆಟ್ಟಿಗೆಯೊಂದಕ್ಕೆ ನೂರಾರು ಜನ ಮುಗಿಬಿದ್ದರು. ಹೊಸತು ಹಳತಾದ ಮೇಲೆ ಸರಾಸರಿ ನೂರರ ಆಸುಪಾಸಿಗೆ ನಿಂತಿತು. ಓದು ಬರಹ ಬಾರದ ಹೆಂಗಸರು ಆರೋಗ್ಯ, ಕುಟುಂಬ ಯೋಜನೆಗಳ ವಿಷಯದಲ್ಲಿ ಉಳಿದವರಿಗಿಂತ ಹೆಚ್ಚು ಕಲಿತರು. ಬೇಸಾಯದ ಪಾಠದಿಂದ ಆದ ಲಾಭ ಕಡಿಮೆ. ಬೀಜ, ಗೊಬ್ಬರ, ಸಾಲ ಸಿಗದ ಊರಿನಲ್ಲಿ ಅವುಗಳ ವರ್ಣನೆ ಕೇಳಿ ರೈತ ಮಾಡುವುದಾದರೂ ಏನು? ಟೀವಿ ಇದೆಯೆಂದು ಶಾಲೆಯ ಹಾಜರಿ ಏರಿದ್ದೂ ಕಾಣಲಿಲ್ಲ. ಹೊಲದ ಕೆಲಸಕ್ಕೆ ಬೇಕಾದ ಮಗು ಹೊಲಕ್ಕೇ ಹೋಯಿತು. ಆ ವರ್ಷ ತುರ್ತು ಪರಿಸ್ಥಿತಿಯ ವರ್ಷವೂ ಹೌದು. 1975ರ ಜೂನ್ 25ರಂದು ಅದು ಘೋಷಣೆಯಾಗಿ ಐದು ವಾರಕ್ಕೆ ಪ್ರಸಾರ ಶುರುವಾಯಿತು. ಮಾಧ್ಯಮ ಸರ್ಕಾರದ ಹಿಡಿತದಲ್ಲಿತ್ತು. ಪರದೆಗೆ ಹಳ್ಳಿಯ ಮಾತು ಕೇಳಿಸಿಕೊಳ್ಳುವ ಕಿವಿ ಇರಲಿಲ್ಲ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇದೇ ಕಾಲಕ್ಕೆ ಆರಂಭವಾದ ಸ್ಥಳೀಯ ಟೀವಿ ಯೋಜನೆ ಆ ಸೀಮೆಯ ಆಡುಮಾತಿನಲ್ಲಿ ಅಲ್ಲಿಯ ಜಗಳ, ಶೋಷಣೆಗಳನ್ನೇ ತೋರಿಸಿ, 1984ರಲ್ಲಿ ಯುನೆಸ್ಕೋ ಬಹುಮಾನ ಪಡೆಯಿತು. ಕರ್ನಾಟಕಕ್ಕೆ ಅಂಥದ್ದು ದಕ್ಕಲಿಲ್ಲ.

1976ರ ಜುಲೈ 31ಕ್ಕೆ ವಾಯಿದೆ ಮುಗಿಯಿತು. ಉಪಗ್ರಹ ವಾಪಸಾಯಿತು, ಪರದೆಯ ತುಂಬ ಚುಕ್ಕಿಗಳು ಉಳಿದವು. ಪ್ರಯೋಗವನ್ನು ಮುಂದುವರಿಸುವ ಸಲುವಾಗಿ 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಟ್ರಾನ್ಸ್‌ಮಿಟರ್ ಸ್ಥಾಪನೆಯಾಯಿತು. ರಾಜ್ಯದ ಮೊದಲ ದೂರದರ್ಶನ ಕೇಂದ್ರ ಎಂಬ ಹೆಸರು ಅದರದು. ಅದರ ಅಳವಿಗೆ ಸಿಗದ ಊರುಗಳಲ್ಲಿ ಜಾಲರಿಯ ಬೋಗುಣಿಗೆ ಕೆಲಸವಿಲ್ಲದಾಯಿತು.

ಬೆಂಗಳೂರಿಗೆ ಪ್ರಸಾರ ಬಂದದ್ದು 1981ರಲ್ಲಿ. ಮರುವರ್ಷ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ಟೀವಿಗೆ ಬಣ್ಣವೂ ‘ರಾಷ್ಟ್ರೀಯ ಕಾರ್ಯಕ್ರಮ’ವೂ ಬಂದವು. ಶಾಲೆಯ ಪಡಸಾಲೆಯಿಂದ ಟೀವಿ ಅನುಕೂಲಸ್ಥರ ನಡುಮನೆಗೆ ನಡೆಯಿತು. ಮರದ ಕ್ಯಾಬಿನೆಟ್ಟು, ಅದಕ್ಕೆ ಎಳೆಯುವ ಬಾಗಿಲು, ಮೇಲೊಂದು ಕ್ರೋಷ ಹೆಣೆದ ಬಟ್ಟೆ, ಅದರ ಮೇಲೆ ಬೊಂಬೆ. ಬೀದಿಗೊಂದು ಪೆಟ್ಟಿಗೆ ಇದ್ದ ಆ ದಿನಗಳಲ್ಲಿ ‘ಚಿತ್ರಮಂಜರಿ’ಯ ಹೊತ್ತಿಗೆ, ಕನ್ನಡ ಸಿನಿಮಾ ಬರುವ ಹೊತ್ತಿಗೆ ನೆರೆಹೊರೆಯ ಮಕ್ಕಳು ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಳಗೆ ಕರೆದರೆ ಚಾಪೆ, ಕರೆಯದಿದ್ದರೆ ಕಿಟಕಿ. ಯಾರನ್ನು ಕರೆಯಬೇಕು ಎಂಬ ಅಧಿಕಾರ ಈಗ ಮನೆಯವರದಾಗಿತ್ತು. ‘ಅಡಚಣೆಗಾಗಿ ಕ್ಷಮಿಸಿ’ ಎಂಬ ಫಲಕ ಬಂದರೂ ಯಾರೂ ಏಳುತ್ತಿರಲಿಲ್ಲ. ಒಬ್ಬ ಮಹಡಿ ಹತ್ತಿ ಆಂಟೆನಾ ತಿರುಗಿಸುತ್ತಿದ್ದ, ಇನ್ನೊಬ್ಬ ಕೆಳಗಿಂದ ‘ಬಂತು, ಬಂತು, ಹೋಯ್ತು’ ಎಂದು ಕೂಗುತ್ತಿದ್ದ.

ಗೋಕಾಕ್ ಚಳವಳಿಯ ಬಿಸಿ ಇನ್ನೂ ಆರದ ನಾಡಿನಲ್ಲಿ ರಾತ್ರಿಯ ಮುಖ್ಯ ಹೊತ್ತು ದೆಹಲಿಯ ಹಿಂದಿ, ಇಂಗ್ಲಿಷ್‌ಗಳ ಪಾಲಾಯಿತು. 1984ರಲ್ಲಿ ‘ಹಮ್ ಲೋಗ್’, 1987ರ ಜನವರಿಯಿಂದ ‘ರಾಮಾಯಣ’, 1988ರ ಅಕ್ಟೋಬರಿನಿಂದ ‘ಮಹಾಭಾರತ’. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದವರು ಭಾನುವಾರ ಬೆಳಿಗ್ಗೆ ಹಿಂದಿ ಮಹಾಭಾರತಕ್ಕೆ ಕೂತರು. ಮಾತು ತಿಳಿಯದಿದ್ದರೂ ಕತೆ ತಿಳಿದಿತ್ತು. ಇದೇ ಕಾಲದಲ್ಲಿ ಶಂಕರ್ ನಾಗ್ ತಮ್ಮ ಧಾರಾವಾಹಿಗಾಗಿ ಆಗುಂಬೆಯ ಬೀದಿಯನ್ನೇ ಆರ್. ಕೆ. ನಾರಾಯಣರ ಮಾಲ್ಗುಡಿ ಮಾಡಿದರು. ಕನ್ನಡದ ನಟರು, ಮಲೆನಾಡಿನ ಮಳೆ, ಮಾತು ಮಾತ್ರ ಹಿಂದಿ ಮತ್ತು ಇಂಗ್ಲಿಷ್. ಕನ್ನಡಿಗರು ಅದನ್ನು ತಮ್ಮದೆಂದೇ ನೋಡಿದರು.

ಮುಂದಿನದು ಚಿರಪರಿಚಿತ ಕತೆ. 1994ರಲ್ಲಿ ಉದಯ ಟೀವಿ, 2000ದಲ್ಲಿ ಈಟಿವಿ ಕನ್ನಡ ಬಂದವು, ಕೇಬಲ್ಲು ಬೀದಿಬೀದಿಗೆ ತಂತಿ ಎಳೆಯಿತು. ಹಿಂದಿಯ ಮುಂದೆ ಕುಗ್ಗಿದ್ದ ಕನ್ನಡಕ್ಕೆ ಇದರಿಂದ ಪರದೆಯ ತುಂಬ ಜಾಗ ಸಿಕ್ಕಿತು. ಸರ್ಕಾರ ಕೊಡದಿದ್ದನ್ನು ಜಾಹೀರಾತು ಕೊಟ್ಟಿತು ಎನ್ನದೆ ಗತಿಯಿಲ್ಲ. ಟಿ. ಎನ್. ಸೀತಾರಾಂ ಅವರ ‘ಮಾಯಾಮೃಗ’ ದೂರದರ್ಶನದಲ್ಲೇ ಬಂದು ಮಧ್ಯಮ ವರ್ಗದ ಮನೆಗಳ ಸಂಜೆಯನ್ನು ಹಿಡಿದಿಟ್ಟಿತು. 2002ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ನಾ. ಸೋಮೇಶ್ವರ ಅವರು ಆರಂಭಿಸಿದ ‘ಥಟ್ ಅಂತ ಹೇಳಿ’ ಸರಿ ಉತ್ತರಕ್ಕೆ ದುಡ್ಡಿನ ಬದಲು ಪುಸ್ತಕ ಕೊಡುತ್ತ ಸಾವಿರಾರು ಕಂತು ದಾಟಿತು. ಹಳೆಯ ಪಾಠದ ಟೀವಿ ಪೂರ್ತಿ ಸತ್ತಿರಲಿಲ್ಲ. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿದಾಗ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳು ಅದರ ಪಾಠ ಪಡೆದವು. ಮತ್ತೆ ಹಿಂದುಳಿದ ಜಿಲ್ಲೆ, ಮತ್ತೆ ಶಾಲೆಯ ಕೋಣೆ.

2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ರಾಜ್ಯ ಸರ್ಕಾರ ಮೊದಲು ನೆನೆದದ್ದು ಟೀವಿಯನ್ನೇ. ಜುಲೈನಲ್ಲಿ ಚಂದನದಲ್ಲಿ ಎಂಟರಿಂದ ಹತ್ತನೆಯ ತರಗತಿಯವರಿಗೆ ‘ಸೇತುಬಂಧ’ ಪಾಠಗಳು ಶುರುವಾದವು. ಕನ್ನಡ, ಗಣಿತ, ಸಮಾಜ ವಿಜ್ಞಾನ ಎಲ್ಲವೂ ಗಂಟೆಯ ಲೆಕ್ಕದಲ್ಲಿ ಬರುತ್ತಿದ್ದವು. ಆದರೆ ಈ ಸಲ ಪೆಟ್ಟಿಗೆ ಇದ್ದದ್ದು ಮನೆಯಲ್ಲಿ. ಮನೆಯಲ್ಲಿ ಟೀವಿ ಇಲ್ಲದ ಮಗುವಿಗೆ ಪಾಠವೂ ಇಲ್ಲ. ಆಗಸ್ಟಿನಲ್ಲಿ ‘ವಿದ್ಯಾಗಮ’ ಆರಂಭವಾಯಿತು. ಮಾಸ್ತರರು, ಟೀಚರುಗಳು ಓಣಿಗಳಿಗೆ ಹೋಗಿ, ಗುಡಿಯ ಪ್ರಾಂಗಣದಲ್ಲಿ, ಮರದ ಕೆಳಗೆ, ಯಾರದೋ ಮನೆಯ ಜಗಲಿಯ ಮೇಲೆ ಮಕ್ಕಳನ್ನು ಗುಂಪುಗುಂಪಾಗಿ ಕೂರಿಸಿಕೊಂಡು ಪಾಠ ಹೇಳಿದರು. ಸೋಂಕು ಹರಡುವ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ತಡೆಹಿಡಿಯಲಾಯಿತು. ಚಂದನದಲ್ಲಿ ಪಾಠ ನಡೆಯುತ್ತಲೇ ಇತ್ತು.