‘ಇವರನ್ನು ನಾನು ಬಲ್ಲೆ’

ಪಾಸ್‌ಪೋರ್ಟಿನ ಕಾಗದಪತ್ರ ಹಿಡಿದು ಗೆಜೆಟೆಡ್ ಅಧಿಕಾರಿಗಳನ್ನು ಹುಡುಕಿ ಅಲೆದ ನೆನಪು ನಮ್ಮಲ್ಲಿ ಅನೇಕರಿಗಿದೆ. ಹಸಿರು ಶಾಯಿಯ ಸಹಿ, ಅದರ ಕೆಳಗೊಂದು ಮೊಹರು ಬಿದ್ದ ಮೇಲೆಯೇ ನಾವು ನಾವೇ ಎಂದು ಸರ್ಕಾರ ನಂಬುತ್ತಿತ್ತು. ಒಬ್ಬರ ಗುರುತಿಗೆ ಇನ್ನೊಬ್ಬರ ಸಹಿ ಏಕೆ ಬೇಕಾಯಿತು?

ಉತ್ತರಕ್ಕಾಗಿ ಬ್ರಿಟನ್ನಿನ ಕಡೆ ನೋಡಬೇಕು. ಅಲ್ಲಿನ ಪಾಸ್‌ಪೋರ್ಟಿಗೆ ಭಾವಚಿತ್ರ ಸೇರಿದ್ದು ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ. ಅದಕ್ಕೆ ಮೊದಲು, ಅರ್ಜಿದಾರ ಇಂಥವನೇ ಎಂದು ಮೇಯರ್, ಮ್ಯಾಜಿಸ್ಟ್ರೇಟ್, ಪಾದ್ರಿ, ವೈದ್ಯ, ವಕೀಲರಂಥವರು ಬರೆದುಕೊಡಬೇಕಿತ್ತು. ಇವರು ಊರಿಗೆ ಪರಿಚಿತರು. ಸುಳ್ಳು ಬರೆದರೆ ಕಳೆದುಕೊಳ್ಳಲು ಹುದ್ದೆಯೂ ಮಾನವೂ ಇದ್ದವರು. ಭಾವಚಿತ್ರ ಬಂದ ಮೇಲೂ ಪದ್ಧತಿ ಹೋಗಲಿಲ್ಲ; ಚಿತ್ರ ಇವರದೇ ಎಂದು ಹೇಳುವವರು ಬೇಕಾಯಿತು. ಇಂದಿಗೂ ಅಲ್ಲಿ ಮೊದಲ ಸಲ ಪಾಸ್‌ಪೋರ್ಟ್ ಕೇಳುವವರನ್ನು ಕನಿಷ್ಠ 2 ವರ್ಷಗಳಿಂದ ಬಲ್ಲವರೊಬ್ಬರು ದೃಢೀಕರಿಸಬೇಕು. ಅವರು ನೆಂಟರಾಗಿರಬಾರದು, ಒಂದೇ ಮನೆಯಲ್ಲಿ ವಾಸಿಸುವವರೂ ಆಗಿರಬಾರದು. ಚಿಕಿತ್ಸೆ ಕೊಡುವ ವೈದ್ಯರೆಂದ ಮಾತ್ರಕ್ಕೆ ಈಗ ಸಾಲದು. ಅರ್ಜಿದಾರರನ್ನು ಸ್ನೇಹಿತರಂತೆ ಚೆನ್ನಾಗಿ ಬಲ್ಲವರಾಗಿರಬೇಕು. ಹುದ್ದೆಯಿದ್ದರೂ ಪರಿಚಯವಿಲ್ಲದಿದ್ದರೆ ಸಹಿಗೆ ಅರ್ಥವಿಲ್ಲ ಎಂಬುದು ಇದರ ತಾತ್ಪರ್ಯ.

ಭಾರತದಲ್ಲಿ ಆದದ್ದು ಬೇರೆ. 1967ರವರೆಗೆ ಪಾಸ್‌ಪೋರ್ಟ್ ಕೊಡುವುದು, ಬಿಡುವುದು ಸರ್ಕಾರದ ಮರ್ಜಿಯಾಗಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದೇಶ ಪ್ರಯಾಣವೂ ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ಹೇಳಿತು. ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯ್ದೆ ಜಾರಿಗೆ ಬಂತು. ಹಕ್ಕೇನೋ ಸಿಕ್ಕಿತು, ಸಹಿಯ ಅಲೆದಾಟ ತಪ್ಪಲಿಲ್ಲ. ತುರ್ತಾಗಿ ಪಾಸ್‌ಪೋರ್ಟ್ ಬೇಕಾದವರು, ‘ಇವರನ್ನು ಇಷ್ಟು ವರ್ಷಗಳಿಂದ ಬಲ್ಲೆ’ ಎಂದು ಹಿರಿಯ ಅಧಿಕಾರಿ ಬರೆದುಕೊಟ್ಟ ಪ್ರಮಾಣಪತ್ರ ತರಬೇಕಿತ್ತು. ಅಧಿಕಾರಿಗಳ ಮನೆಗೆ ಹೋಗಿಬರುವ ಬಳಕೆಯಿದ್ದವರಿಗೆ ಇದು ಸಲೀಸು. ಆದರೆ ಕೊಲ್ಲಿ ರಾಷ್ಟ್ರಕ್ಕೆ ಕೂಲಿಗೆ ಹೊರಟ ಹಳ್ಳಿಯ ಹುಡುಗನನ್ನು ಬಲ್ಲ ಜಿಲ್ಲಾಧಿಕಾರಿ ಎಲ್ಲಿರುತ್ತಾರೆ? ಅವನನ್ನು ನಿಜವಾಗಿ ಬಲ್ಲವರು ಪ್ರಾಥಮಿಕ ಶಾಲೆಯ ಮೇಷ್ಟ್ರು, ಅಂಗಡಿಯ ಶೆಟ್ಟರು, ಪಕ್ಕದ ಮನೆಯವರು. ಅವರ ಸಹಿಗೆ ಬೆಲೆಯಿರಲಿಲ್ಲ. ಬೆಲೆಯಿದ್ದ ಸಹಿ ಹಾಕುವವರಿಗೆ ಅವನ ಪರಿಚಯವಿರಲಿಲ್ಲ. ಗುರುತು ಹೇಳಬೇಕಾದ ಸಹಿ ಹೀಗೆ ಶಿಫಾರಸಿನ ಸಹಿಯಾಯಿತು.

2016ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ನಿಯಮ ಸಡಿಲಿಸಿತು. ಅರ್ಜಿಯ ಅನುಬಂಧಗಳಿಗೆ ನೋಟರಿ, ಮ್ಯಾಜಿಸ್ಟ್ರೇಟರ ಸಹಿ ಬೇಡ, ಬಿಳಿ ಹಾಳೆಯ ಮೇಲೆ ಸ್ವಯಂ ಘೋಷಣೆ ಸಾಕು ಎಂದಿತು. ತುರ್ತು ಅರ್ಜಿಗೆ ಅಧಿಕಾರಿಯ ಪ್ರಮಾಣಪತ್ರ ಬೇಕೆಂಬ ಷರತ್ತೂ ಆಮೇಲೆ ಹೋಯಿತು. ಪೊಲೀಸ್ ತನಿಖೆ ಉಳಿದಿದೆ, ಅದು ಇರಬೇಕಾದದ್ದೇ. ಆದರೆ ಪ್ರಜೆಯ ಮಾತನ್ನು ಮೊದಲು ನಂಬಿ, ಅನಂತರ ಪರೀಕ್ಷಿಸುವ ಈ ಕ್ರಮಕ್ಕೆ ಬರಲು, ಕಾಯ್ದೆಯಾದ ಮೇಲೂ ನಮಗೆ ಸುಮಾರು 50 ವರ್ಷ ಬೇಕಾಯಿತು.