ಜನವಿಲ್ಲದ ಊರಿಗೂ ಎಲ್ಲೆಯುಂಟು: ಬೇಚರಾಕ್ ಗ್ರಾಮಗಳ ಗಡಿಚರಿತ್ರೆ

2011ರ ಜನಗಣತಿ ಕರ್ನಾಟಕದಲ್ಲಿ 29,340 ಗ್ರಾಮಗಳನ್ನು ಲೆಕ್ಕ ಹಿಡಿಯಿತು. ಅವುಗಳಲ್ಲಿ 1,943 ಗ್ರಾಮಗಳಲ್ಲಿ ಒಬ್ಬರೂ ವಾಸವಿರಲಿಲ್ಲ. ಕಂದಾಯ ಕಡತಗಳಲ್ಲಿ ಇಂಥವಕ್ಕೆ ಬೇಚರಾಕ್ ಗ್ರಾಮವೆಂದು ಹೆಸರು. ಮನೆಮಠ ಇಲ್ಲದಿದ್ದರೂ ಇವಕ್ಕೆ ನಕಾಶೆಯಿದೆ, ಸರ್ವೆ ನಂಬರುಗಳಿವೆ, ಹೊಲಗಳಿಗೆ ಪಹಣಿಯಿದೆ. ಪಕ್ಕದೂರಿನವರು ಬಂದು ಉತ್ತು ಬಿತ್ತುತ್ತಾರೆ. ಜನ ಹೋದ ಮೇಲೂ ಎಲ್ಲೆ ಉಳಿದದ್ದು ಹೇಗೆಂಬುದು ನಮ್ಮ ಗ್ರಾಮಚರಿತ್ರೆಯ ಮುಖ್ಯ ಪ್ರಶ್ನೆಗಳಲ್ಲೊಂದು.

ಇದಕ್ಕೆ ಉತ್ತರವನ್ನು ದಾನಶಾಸನಗಳಿಂದಲೇ ಹುಡುಕಬೇಕು. ಊರೊಂದನ್ನು ದತ್ತಿ ಬಿಡುವಾಗ ತಾಮ್ರಪಟದಲ್ಲಿ ಮೂಡಲಿಂದ ಮೊದಲುಗೊಂಡು ದಿಕ್ಕುದಿಕ್ಕಿನ ಎಲ್ಲೆಗಳನ್ನು ಬರೆಸುತ್ತಿದ್ದರು. ಹುತ್ತ, ಹಳ್ಳ, ಮರ, ಗುಡ್ಡ, ಕೆರೆಯ ಕೋಡಿ, ಮೂರು ಊರುಗಳ ಗಡಿ ಕೂಡುವ ತಾಣ ಎಲ್ಲವೂ ಅಲ್ಲಿ ಗುರುತಾಗಿ ಬರುತ್ತವೆ. ಬ್ರಾಹ್ಮಣರಿಗೆ ಬಿಟ್ಟ ಭೂಮಿಗೆ ವಾಮನಮುದ್ರೆಯ ಕಲ್ಲು, ಶೈವ ದತ್ತಿಗೆ ಲಿಂಗಮುದ್ರೆಯ ಕಲ್ಲು ನೆಟ್ಟದ್ದೂ ಉಂಟು. ದಾನ ಕೊಟ್ಟದ್ದು ಆ ಎಲ್ಲೆಯೊಳಗಿನ ನೆಲ, ನೀರು, ನಿಧಿ, ಮುಂದಿನ ಹುಟ್ಟುವಳಿಗಳ ಹಕ್ಕನ್ನು. ಆ ಹಕ್ಕು ನೆಲಕ್ಕೆ ಅಂಟಿಕೊಂಡಿತ್ತೇ ಹೊರತು ಅಲ್ಲಿದ್ದ ಒಕ್ಕಲುಗಳ ಸಂಖ್ಯೆಗಲ್ಲ.

ಊರುಗಳು ಬರಿದಾಗಲು ಕಾರಣಗಳು ಹಲವು: ದಂಡಯಾತ್ರೆ, ಕೆರೆ ಒಡೆದದ್ದು, ಮಲೆನಾಡಿನ ಮಲೇರಿಯಾ, 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗ್. ಎಲ್ಲಕ್ಕಿಂತ ಭೀಕರವಾದುದು 1876–78ರ ಕ್ಷಾಮ. ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50.5 ಲಕ್ಷವಿದ್ದದ್ದು 1881ಕ್ಕೆ 41.9 ಲಕ್ಷಕ್ಕಿಳಿಯಿತು.

ಈ ಬರಿದು ಊರುಗಳು ದಾಖಲೆಯಿಂದ ಅಳಿಯದಂತೆ ಹಿಡಿದಿಟ್ಟದ್ದು ಕಂದಾಯ ಸರ್ವೆ. ಮುಂಬೈ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ರೂಪಿಸಿದ ಪದ್ಧತಿ 1840ರ ದಶಕದಲ್ಲಿ ಧಾರವಾಡ ಸೀಮೆಗೆ ಬಂತು. 1863ರಿಂದ ಮೈಸೂರಿನಲ್ಲೂ ಸರ್ವೆ ಆರಂಭವಾಯಿತು. 33 ಅಡಿಯ ಸರಪಳಿ ಹಿಡಿದು ಹೊಲಹೊಲ ಅಳೆದರು. ಸರಪಳಿಯುದ್ದದ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಅಳತೆ ನಡೆದದ್ದು ಗ್ರಾಮವಾರು. ಕಂದಾಯ ನಿಗದಿಯಾದದ್ದು ನೆಲಕ್ಕೆ. ಹೀಗಾಗಿ ಜನವಿಲ್ಲದ ಊರೂ ನೆರೆಯೂರಿನಲ್ಲಿ ಕರಗದೆ ಸ್ವತಂತ್ರ ಗ್ರಾಮವಾಗಿಯೇ ಉಳಿಯಿತು. ಸರ್ವೆಯವರ ಈ ಶಿಸ್ತು ತೆರಿಗೆಗಾಗಿ ಹುಟ್ಟಿದ್ದು, ನಿಜ. ಆದರೂ ಅದರಿಂದ ಇತಿಹಾಸಕ್ಕೆ ಆದ ಉಪಕಾರ ದೊಡ್ಡದು.

ಇದೇ ವ್ಯವಸ್ಥೆ ಇನ್ನೊಂದು ಕಡೆ ಅನ್ಯಾಯಕ್ಕೂ ಕಾರಣವಾಯಿತು. ಜನವಿಲ್ಲದ ಊರಿಗೆ ಎಲ್ಲೆ ಸಿಕ್ಕಿತು. ಜನ ತುಂಬಿದ ತಾಂಡಾ, ಹಟ್ಟಿ, ಹಾಡಿಗಳಿಗೆ ಸಿಗಲಿಲ್ಲ. ಅವು ಬೇರೊಂದು ಗ್ರಾಮದ ಸರ್ವೆ ನಂಬರಿನೊಳಗೆ ದಾಖಲೆರಹಿತ ಜನವಸತಿಗಳಾಗಿ ಉಳಿದವು. ಅಲ್ಲಿ ತಲೆಮಾರುಗಳಿಂದ ಬದುಕಿದವರ ಕೈಯಲ್ಲಿ ಮನೆಯ ಹಕ್ಕುಪತ್ರವಿರಲಿಲ್ಲ. ಭೂಸುಧಾರಣಾ ಕಾಯ್ದೆಗೆ 38–ಎ ಕಲಮು ಸೇರಿ, ಅದು 2017ರಲ್ಲಿ ಕಾನೂನಾದ ಮೇಲೆ ಇಂಥ ವಸತಿಗಳ ಮನೆಗಳಿಗೆ ಒಡೆತನ ಸಿಗುವ ದಾರಿ ತೆರೆಯಿತು.

ಕಂದಾಯದ ಎಲ್ಲೆ ನೆಲವನ್ನು ನೋಡಿದರೆ ಪಂಚಾಯಿತಿಯ ಎಲ್ಲೆ ಜನಸಂಖ್ಯೆಯನ್ನು ನೋಡುತ್ತದೆ. ಅಲ್ಲೂ ವಿರಳ ಜನವಸತಿಯ ಸೀಮೆಗೆ ಒಂದೇ ಅಳತೆಗೋಲು ಒಗ್ಗದೆಂಬುದನ್ನು 1993ರ ಪಂಚಾಯತ್ ರಾಜ್ ಕಾಯ್ದೆ ಒಪ್ಪಿಕೊಂಡಿತು. ಸಾಮಾನ್ಯವಾಗಿ ಗ್ರಾಮ ಪಂಚಾಯಿತಿಗೆ 5,000ದಿಂದ 7,000 ಜನರಿರಬೇಕು. ಮಲೆನಾಡು, ಕರಾವಳಿಯ ಜಿಲ್ಲೆಗಳಿಗೆ 2,500 ಸಾಕು.

ಈಗ ಡ್ರೋನ್ ಬಳಸಿ ಮರುಸರ್ವೆ ನಡೆಯುತ್ತಿದೆ. ಗಡಿಗೆರೆ ತೆರೆಯ ಮೇಲೆ ನಿಖರವಾಗಿ ಮೂಡುತ್ತದೆ, ಆದರೆ ಆ ಗೆರೆ ಹಾದುಹೋಗುವ ಮುದ್ರೆಕಲ್ಲಿನ ಚರಿತ್ರೆ ಅದರಲ್ಲಿ ಮೂಡುವುದಿಲ್ಲ. ಪ್ರತಿ ತಾಲೂಕಿನ ಆಸಕ್ತ ಅಧ್ಯಾಪಕರು, ವಿದ್ಯಾರ್ಥಿಗಳು ತಮ್ಮ ಸುತ್ತಿನ ಬೇಚರಾಕ್ ಗ್ರಾಮಗಳ ಹಳೆಯ ನಕಾಶೆಯನ್ನು ಕೈಯಲ್ಲಿ ಹಿಡಿದು, ಎಲ್ಲೆಯ ಉದ್ದಕ್ಕೂ ನಡೆದು, ಉಳಿದ ಕಲ್ಲುಗಳನ್ನು ಈಗಲೇ ದಾಖಲಿಸಬೇಕು.