ವಾಂಡರೋನ್, ರುಡಾಲ್ಫ್ (ಮಿನೆಸೋಟ ಫ್ಯಾಟ್ಸ್)

1913-1996. ಅಮೆರಿಕ ಸಂಯುಕ್ತ ಸಂಸ್ಥಾನಗಳ ಪೂಲ್ ಆಟಗಾರ, ಬಾಜಿಯ ಆಟದಲ್ಲಿ ನಿಷ್ಣಾತ, ಅಸಾಧಾರಣ ವಾಚಾಳಿ. ಪ್ರಧಾನ ಪ್ರಶಸ್ತಿಯೊಂದನ್ನೂ ಗೆಲ್ಲದೆ, ಗೆದ್ದವರೆಲ್ಲರ ಕೀರ್ತಿಯನ್ನೂ ಮೀರಿಸಿದ ಖ್ಯಾತಿಯನ್ನು ಈತನು ಸಂಪಾದಿಸಿದನು.

ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದಿದ್ದ ದಂಪತಿಗಳ ಮಗನಾಗಿ ನ್ಯೂಯಾರ್ಕ್ ನಗರದಲ್ಲಿ ಜನಿಸಿದನು. 1900ರಲ್ಲಿ ಹುಟ್ಟಿದನೆಂಬ ಹೇಳಿಕೆಯೂ ಬಹುಕಾಲ ಪ್ರಚಾರದಲ್ಲಿತ್ತು. ಬಾಲ್ಯದಲ್ಲಿ ತಂದೆಯೊಡನೆ ಯೂರೋಪಿಗೆ ಹೋದಾಗ ಜರ್ಮನಿಯ ಬಿಲಿಯರ್ಡ್ಸ್ ಪ್ರವೀಣನಾದ ಎರಿಕ್ ಹಾಗೆನ್‌ಲೋಖರನಲ್ಲಿ ಅಭ್ಯಾಸ ಮಾಡಿದನು. ಶಾಲೆಯನ್ನು ಬೇಗನೆ ತ್ಯಜಿಸಿ ಪೂಲ್ ಗೃಹಗಳನ್ನೇ ಜೀವನೋಪಾಯದ ಕ್ಷೇತ್ರವನ್ನಾಗಿ ಮಾಡಿಕೊಂಡನು. 1941ರಲ್ಲಿ ವಿವಾಹವಾಗಿ, ಇಲಿನಾಯ್ ಪ್ರಾಂತದ ಡೌವೆಲ್ ಎಂಬ ಸಣ್ಣ ಊರಿನಲ್ಲಿ ನೆಲಸಿದನು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನೌಕಾನೆಲೆಯಾದ ನಾರ್ಫೋಕ್ ನಗರದಲ್ಲಿ ಬಾಜಿಯಾಡಿ ಹಣ ಗಳಿಸಿದನು.

ಬಾಜಿ ಕಟ್ಟಿ ಆಡುವ ಪೂಲಿನಲ್ಲಿ ಅರ್ಧ ಜಯವು ಕೋಲನ್ನು ಕೈಗೆತ್ತಿಕೊಳ್ಳುವ ಮುನ್ನವೇ ನಿರ್ಣಯವಾಗಿಬಿಡುತ್ತದೆ. ದುರ್ಬಲನಿಗೆ ಎಷ್ಟು ಚೆಂಡುಗಳ ರಿಯಾಯಿತಿ ಸಲ್ಲಬೇಕು, ಮೊದಲ ಹೊಡೆತ ಯಾರದು, ಪಣವೆಷ್ಟು ಎಂಬ ಚೌಕಾಸಿಯಲ್ಲಿ, ಎದುರಾಳಿಯ ಸಾಮರ್ಥ್ಯವನ್ನೂ ಅಹಂಕಾರವನ್ನೂ ಒಟ್ಟಿಗೆ ತೂಗಿನೋಡಿ, ಮಾತಿನ ಪ್ರವಾಹದಿಂದ ಅವನನ್ನು ಕೆಣಕಿ, ತನಗೆ ಅನುಕೂಲವಾದ ಕರಾರಿಗೆ ಒಪ್ಪಿಸುವುದರಲ್ಲಿ ವಾಂಡರೋನನಿಗೆ ಸಮಾನರು ವಿರಳ. ಈತನಿಗೆ ಪ್ರಿಯವಾದದ್ದು 'ಒನ್ ಪಾಕೆಟ್' ಎಂಬ ಪ್ರಕಾರ. ಅದರಲ್ಲಿ 15 ಚೆಂಡುಗಳಿರುತ್ತವೆ. ಒಬ್ಬೊಬ್ಬ ಆಟಗಾರನಿಗೂ ಮೂಲೆಯ ಒಂದೇ ಪಾಕೆಟ್ಟು ಮೀಸಲು. ತನ್ನದರಲ್ಲಿ ಮೊದಲು 8 ಚೆಂಡುಗಳನ್ನು ಬೀಳಿಸಿದವನಿಗೆ ಜಯ. ಗುರಿಯ ನಿಖರತೆಗಿಂತಲೂ, ಪ್ರತಿಸ್ಪರ್ಧಿಗೆ ಸುಲಭದ ಹೊಡೆತ ದೊರೆಯದಂತೆ, ಕೋಲಿನಿಂದ ಹೊಡೆಯುವ ಬಿಳಿಯ ಚೆಂಡನ್ನು ನಿಲ್ಲಿಸುವ ಸಂಯಮವೇ ಇಲ್ಲಿ ಮುಖ್ಯ. ಈತನನ್ನು ಕೇವಲ ಬಾಯಿಬಡುಕನೆಂದು ತಳ್ಳಿಹಾಕಿದವರು ಈ ಕಠಿನ ಆಟದಲ್ಲಿ ಈತನಿಗಿದ್ದ ಪ್ರೌಢಿಮೆಯನ್ನು ಗಣನೆಗೆ ತಂದುಕೊಂಡಂತೆ ಕಾಣುವುದಿಲ್ಲ.

ವಾಲ್ಟರ್ ಟೆವಿಸನ 'ದಿ ಹಸ್ಲರ್' ಕಾದಂಬರಿ 1959ರಲ್ಲಿ ಪ್ರಕಟವಾಯಿತು. 1961ರಲ್ಲಿ ಅದು ಚಲನಚಿತ್ರವಾದಾಗ ಮಿನೆಸೋಟ ಫ್ಯಾಟ್ಸ್ ಎಂಬ ಸ್ಥೂಲಕಾಯದ ಆಟಗಾರನ ಪಾತ್ರವನ್ನು ಜಾಕಿ ಗ್ಲೀಸನ್ ವಹಿಸಿದನು. ಅದುವರೆಗೆ ನ್ಯೂಯಾರ್ಕ್ ಫ್ಯಾಟ್ಸ್ ಮುಂತಾದ ಅಡ್ಡಹೆಸರುಗಳಿಂದ ಪರಿಚಿತನಾಗಿದ್ದ ವಾಂಡರೋನನು, ಆ ಪಾತ್ರವು ತನ್ನನ್ನು ಕಂಡೇ ರಚಿತವಾದುದೆಂದು ಸಾರಿ, ಆ ಹೆಸರನ್ನೇ ಧರಿಸಿದನು. ಪಾತ್ರವು ಕೇವಲ ಕಲ್ಪಿತವೆಂದು ಟೆವಿಸನು ಪದೇಪದೇ ಹೇಳಿದನು. ನ್ಯಾಯವು ಕಾದಂಬರಿಕಾರನ ಪಕ್ಷದಲ್ಲಿದ್ದಿತಾದರೂ ಜನರು ನಂಬಿದ್ದು ವಾಂಡರೋನನನ್ನು. ಚಿತ್ರದಿಂದ ಪೂಲ್ ಆಟಕ್ಕೆ ಪುನಶ್ಚೇತನವುಂಟಾಗಿದ್ದ ಆ ಕಾಲದಲ್ಲಿ, ಜಾನ್‌ಸ್ಟನ್ ಸಿಟಿಯಲ್ಲಿ ಜಾನ್ಸ್ಕೊ ಸಹೋದರರು ಏರ್ಪಡಿಸುತ್ತಿದ್ದ ಪಂದ್ಯಾವಳಿಗಳಿಗೂ ದೂರದರ್ಶನದ ಕಾರ್ಯಕ್ರಮಗಳಿಗೂ ಈತನೇ ದೊಡ್ಡ ಆಕರ್ಷಣೆಯಾದನು. ಟಾಮ್ ಫಾಕ್ಸನೊಡನೆ ಬರೆದ ಆತ್ಮಕಥೆ 1966ರಲ್ಲಿ ಹೊರಬಂದಿತು. ರಂಜಕವಾದ ಈ ಗ್ರಂಥವನ್ನು ಚರಿತ್ರೆಯ ಆಧಾರವಾಗಿ ಬಳಸುವವರು ಎಚ್ಚರವಹಿಸುವುದು ಯುಕ್ತ.

'ದಿ ಹಸ್ಲರ್' ಚಿತ್ರಕ್ಕೆ ಆಟದ ಸಲಹೆಗಾರನಾಗಿದ್ದ ವಿಲೀ ಮೊಸ್ಕೋನಿ ಎಲ್ಲ ವಿಧದಲ್ಲಿಯೂ ಈತನಿಗೆ ವಿರುದ್ಧ ಸ್ವಭಾವದವನು. 15 ಬಾರಿ ವಿಶ್ವ ವಿಜೇತನಾಗಿದ್ದ, 1954ರಲ್ಲಿ ಒಂದೇ ಸರದಿಯಲ್ಲಿ 526 ಚೆಂಡುಗಳನ್ನು ತಪ್ಪದೆ ಬೀಳಿಸಿದ್ದ ಆತನು, ಬಾಜಿಕೋರರಿಂದ ಆಟಕ್ಕೇ ಕಳಂಕವೆಂದು ಬಗೆದಿದ್ದನು. 1978ರಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯ ಹೋಟೆಲಿನಲ್ಲಿ ಇಬ್ಬರಿಗೂ ಏರ್ಪಟ್ಟ ಪಂದ್ಯವನ್ನು ದೂರದರ್ಶನವು ಪ್ರಸಾರ ಮಾಡಿತು. ಮೊಸ್ಕೋನಿ ಗೆದ್ದನು, ಆದರೆ ಎದುರಾಳಿಯು ಹೊಡೆಯಲು ಬಾಗಿದಾಗಲೂ ನಿಲ್ಲದ ವಾಂಡರೋನನ ಮಾತಿನ ಓಘವೇ ಪ್ರೇಕ್ಷಕರ ಮನಸ್ಸಿನಲ್ಲಿ ಉಳಿಯಿತು.

ಅಮೆರಿಕದ ಬಿಲಿಯರ್ಡ್ ಕಾಂಗ್ರೆಸ್ 1984ರಲ್ಲಿ ಈತನನ್ನು ತನ್ನ ಗೌರವ ಶ್ರೇಣಿಗೆ ಸೇರಿಸಿಕೊಂಡಿತು. ಆ ಮನ್ನಣೆಯು ಆಟದ ಸಾಧನೆಗಾಗಿ ಅಲ್ಲದೆ ಕ್ರೀಡೆಗೆ ಸಲ್ಲಿಸಿದ ಸೇವೆಗಾಗಿ ದೊರೆತುದು ಸರ್ವಥಾ ಉಚಿತವಾಗಿದೆ. ಬೀದಿಯ ನಾಯಿ ಬೆಕ್ಕುಗಳ ವಿಷಯದಲ್ಲಿ ಅಪಾರ ವಾತ್ಸಲ್ಯವುಳ್ಳವನಾಗಿದ್ದನು. ಮೊದಲ ವಿವಾಹ ವಿಚ್ಛೇದನದಲ್ಲಿ ಮುಗಿದ ಮೇಲೆ ನ್ಯಾಶ್‌ವಿಲ್ ನಗರದ ಹರ್ಮಿಟೇಜ್ ಹೋಟೆಲಿನಲ್ಲಿ ಹಲವು ವರ್ಷ ವಾಸಿಸಿ, 1993ರಲ್ಲಿ ಪುನರ್ವಿವಾಹವಾದನು. 1996ರ ಜನವರಿಯಲ್ಲಿ ಅದೇ ನಗರದಲ್ಲಿ ನಿಧನನಾದನು.